ಟಾಖೆಲೆಸ್: ಪಾಳುಗಟ್ಟಡವೊಂದರ 22 ವರ್ಷ

ಪಾಳುಬಿದ್ದ ಕಟ್ಟಡಗಳ ಚರಿತ್ರೆಯಲ್ಲಿ ಕಟ್ಟಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಜಾಗವುಂಟು. ನಡುವಿನ ವರ್ಷಗಳಲ್ಲಿ ಅಲ್ಲಿ ಹೊಕ್ಕು ಬಾಳಿದವರು ಮಾತ್ರ ‘ಅತಿಕ್ರಮಣಕಾರರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ. ಬರ್ಲಿನ್ನಿನ ಒರಾನಿಯನ್‌ಬುರ್ಗರ್ ಬೀದಿಯ ಟಾಖೆಲೆಸ್ ಕಟ್ಟಡದ ಮಟ್ಟಿಗಂತೂ ಈ ಕ್ರಮ ಸಲ್ಲದು. ಅದು ಉಳಿದದ್ದೇ ಅತಿಕ್ರಮಣದಿಂದ.

ವಾಸ್ತುಶಿಲ್ಪಿ ಫ್ರಾನ್ಜ್ ಆರೆನ್ಸ್ ರೂಪಿಸಿದ ಈ ಕಟ್ಟಡ 20ನೆಯ ಶತಮಾನದ ಮೊದಲ ದಶಕದಲ್ಲಿ ಫ್ರೀಡ್ರಿಶ್‌ ಬೀದಿಗೂ ಒರಾನಿಯನ್‌ಬುರ್ಗರ್ ಬೀದಿಗೂ ನಡುವಿನ ಭವ್ಯ ಅಂಗಡಿಸಾಲಾಗಿ ತಲೆಯೆತ್ತಿತು, ವ್ಯಾಪಾರ ಕೈಹಿಡಿಯಲಿಲ್ಲ. 1928ರಿಂದ ವಿದ್ಯುತ್ ಕಂಪನಿ ಎಇಜಿ ಅಲ್ಲಿ ತನ್ನ ಉತ್ಪನ್ನಗಳನ್ನು ಪ್ರದರ್ಶಿಸಿತು. ಆಮೇಲೆ ನಾಜಿ ಕಚೇರಿಗಳು ಬಂದವು, ಯುದ್ಧದ ಬಾಂಬುಗಳೂ ಬಿದ್ದವು. ಪೂರ್ವ ಜರ್ಮನಿಯ ಸರ್ಕಾರ ಹೊಸ ರಸ್ತೆಯೊಂದರ ಯೋಜನೆಗಾಗಿ 1980ರಲ್ಲಿ ಕೆಡವಲು ತೊಡಗಿತು. ಉಳಿದ ಭಾಗ ನೆಲಸಮವಾಗಬೇಕಿದ್ದದ್ದು 1990ರ ಏಪ್ರಿಲ್‌ನಲ್ಲಿ.

ಅಷ್ಟರೊಳಗೆ ಬರ್ಲಿನ್ ಗೋಡೆ ಬಿದ್ದಿತ್ತು. ಪೂರ್ವ ಬರ್ಲಿನ್ನಿನಲ್ಲಿ ಎಷ್ಟೋ ಮನೆಗಳು ಖಾಲಿ ಬಿದ್ದಿದ್ದವು. ನಾಜಿಗಳು ಯಹೂದಿಗಳಿಂದ ಕಸಿದದ್ದು, ಸಮಾಜವಾದಿ ಸರ್ಕಾರ ವಶಪಡಿಸಿಕೊಂಡದ್ದು ಎಲ್ಲವೂ ಬೆರೆತು, ಯಾವ ಆಸ್ತಿ ಯಾರದೆಂದು ತೀರ್ಮಾನಿಸಲು ವರ್ಷಗಳೇ ಬೇಕಾಗಿದ್ದವು. ಕಲಾವಿದರು, ವಿದ್ಯಾರ್ಥಿಗಳು, ಸಂಗೀತಗಾರರು ಈ ಅನಿಶ್ಚಿತತೆಯ ಒಳಗೇ ಜಾಗ ಕಂಡುಕೊಂಡರು. 1990ರ ಫೆಬ್ರುವರಿ 13ರಂದು ‘ಟಾಖೆಲೆಸ್’ ಎಂಬ ಕಲಾವಿದರ ಗುಂಪು ಈ ಕಟ್ಟಡವನ್ನು ಹೊಕ್ಕಿತು. ಕೆಡವುವ ಕೆಲಸ ತಡೆದು ಹೊಸದಾಗಿ ತಪಾಸಣೆ ಮಾಡಿಸಿದಾಗ ರಚನೆ ಗಟ್ಟಿಯಾಗಿಯೇ ಇದೆಯೆಂದು ತಿಳಿಯಿತು. 1992ರಲ್ಲಿ ಅದಕ್ಕೆ ಸ್ಮಾರಕದ ರಕ್ಷಣೆ ಸಿಕ್ಕಿತು. ಹೊಕ್ಕವರು ಎರಡು ತಿಂಗಳು ತಡಮಾಡಿದ್ದರೆ ರಕ್ಷಿಸಲು ಏನೂ ಉಳಿದಿರುತ್ತಿರಲಿಲ್ಲ.

ಒಳಗೆ ಸ್ಟುಡಿಯೋಗಳು, ಸಿನಿಮಾ ಮಂದಿರ, ರಂಗಸ್ಥಳ, ಜಪಾಟಾ ಎಂಬ ಕೆಫೆ. ಹಿತ್ತಿಲಲ್ಲಿ ಗುಜರಿ ಕಬ್ಬಿಣದ ಶಿಲ್ಪಗಳು. ಬಾಂಬು ಒಡೆದ ಗೋಡೆಯನ್ನು ಅವರು ಮುಚ್ಚಿ ಮರೆಸಲಿಲ್ಲ, ಅದರ ಮೇಲೆಯೇ ಬರೆದರು. ಸರ್ಕಾರಿ ಸ್ಮಾರಕಗಳು ಯುದ್ಧವನ್ನು ಶಿಲೆಯಲ್ಲಿ ನೆನೆಯುತ್ತವೆ. ಇಲ್ಲಿ ಯುದ್ಧದ ಗಾಯದೊಳಗೇ ದಿನನಿತ್ಯದ ದುಡಿಮೆ ನಡೆಯಿತು. ಪಾಳುಗಟ್ಟಡಕ್ಕೆ ಇಷ್ಟು ಸಾಂಸ್ಕೃತಿಕ ತೂಕ ಬರುವುದು ಹೀಗೆ ಎಂದು ನಾನು ನಂಬುತ್ತೇನೆ: ಬಳಕೆಯಿಂದ, ಬರೀ ಹಳಮೆಯಿಂದಲ್ಲ.

1998ರಲ್ಲಿ ಫುಂಡುಸ್ ಎಂಬ ಹೂಡಿಕೆ ಸಂಸ್ಥೆ ಜಾಗವನ್ನು ಕೊಂಡು, ನಾಮಮಾತ್ರ ಬಾಡಿಗೆಗೆ ಹತ್ತು ವರ್ಷದ ಗುತ್ತಿಗೆ ಕೊಟ್ಟಿತು. ಈ ಹೊತ್ತಿಗೆ ಟಾಖೆಲೆಸ್ ಪ್ರವಾಸಿಗರ ಕೈಪಿಡಿಗಳಲ್ಲಿತ್ತು, ಸುತ್ತಲಿನ ನೆಲದ ಬೆಲೆಯೂ ಏರಿತ್ತು. ಆ ಬೆಲೆಯೇರಿಕೆಯಲ್ಲಿ ಕಲಾವಿದರ ಪಾಲು ಸಣ್ಣದಲ್ಲ, ಆದರೆ ಅದರ ಮೇಲೆ ಅವರಿಗೆ ಯಾವ ಹಕ್ಕೂ ಇರಲಿಲ್ಲ. ಗುತ್ತಿಗೆ ಮುಗಿದ ಮೇಲೂ ಬಿಡದೆ ನಿಂತವರಲ್ಲಿ ಕೊನೆಯವರು 2012ರ ಸೆಪ್ಟೆಂಬರ್ 4ರಂದು ಹೊರಬಿದ್ದರು. 2023ರಿಂದ ಅಲ್ಲಿ ಫೋಟೊಗ್ರಾಫಿಸ್ಕಾ ಎಂಬ ಛಾಯಾಚಿತ್ರ ಸಂಗ್ರಹಾಲಯವಿದೆ. ಮೆಟ್ಟಿಲುಸಾಲಿನ ಗೋಡೆಬರಹಗಳನ್ನು ಪರಂಪರೆಯೆಂದು ಜೋಪಾನ ಮಾಡಿದ್ದಾರೆ.

ಗೋಡೆಬರಹ ಪರಂಪರೆಯಾದರೆ ಬರೆದವರ ವಾಸವೂ ಪರಂಪರೆಯೇ. ಈ ಕಟ್ಟಡವನ್ನು ಕಟ್ಟಿದವರ ಸಾಲಿನಲ್ಲಿ ಆರೆನ್ಸ್ ಜೊತೆ ಅವರನ್ನೂ ಸೇರಿಸಬೇಕು.