ಅನ್ಸಾರರ ತೋಟ, ಪುತ್ತಲಂನ ಗುಡಿಸಲು

ಮದೀನಾದ ಸಹೋದರತ್ವವನ್ನು ಸ್ಮರಿಸುವಾಗ ನಾವು ಸಾಮಾನ್ಯವಾಗಿ ಅನ್ಸಾರರ ಔದಾರ್ಯದ ಬಳಿ ನಿಂತುಬಿಡುತ್ತೇವೆ. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧ ಭಾಗವನ್ನೇ ನೀಡಲು ಮುಂದಾದದ್ದು ನಮಗೆಲ್ಲ ಗೊತ್ತು. ಅದನ್ನು ಪಡೆಯಬೇಕಾಗಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ), ಹರಸಿ ಪೇಟೆಯ ದಾರಿ ಕೇಳಿದರು. ಒಣಗಿಣ್ಣು, ತುಪ್ಪಗಳ ವ್ಯಾಪಾರದಿಂದ ತಮ್ಮ ಕಾಲ ಮೇಲೆ ನಿಂತರು. ಖೈಬರ್ ವಿಜಯದ ಬಳಿಕ ಮುಹಾಜಿರರು ತಮಗೆ ದೊರೆತಿದ್ದ ಖರ್ಜೂರದ ಮರಗಳನ್ನು ಅನ್ಸಾರರಿಗೆ ಮರಳಿಸಿದ ವಿಷಯವೂ ಹದೀಸ್‌ಗಳಲ್ಲಿದೆ. ಇದನ್ನು ನಮ್ಮ ಪ್ರವಚನಗಳಲ್ಲಿ ಕೇಳುವುದು ಕಡಿಮೆ. ಆಶ್ರಯಕ್ಕೆ ಅಲ್ಲಿ ಒಂದು ಅವಧಿಯಿತ್ತು. ಆ ಅವಧಿ ಮುಗಿಯದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಶ್ರೀಲಂಕಾದ ಉತ್ತರ ಪ್ರಾಂತ್ಯದ ಮುಸ್ಲಿಮರ ಚರಿತ್ರೆ ಸಾಕ್ಷಿ.

1990ರ ಅಕ್ಟೋಬರ್ 30ರ ಬೆಳಿಗ್ಗೆ ಜಾಫ್ನಾ ಪಟ್ಟಣದ ಮುಸ್ಲಿಮರನ್ನು ಧ್ವನಿವರ್ಧಕಗಳ ಮೂಲಕ ಉಸ್ಮಾನಿಯಾ ಕಾಲೇಜಿನ ಮೈದಾನಕ್ಕೆ ಕರೆಯಲಾಯಿತು. ಎರಡು ಗಂಟೆಯೊಳಗೆ ಊರು ಬಿಡಬೇಕೆಂದು ಎಲ್‌ಟಿಟಿಇ ಆಜ್ಞಾಪಿಸಿತು. ಹೊರಡುವ ದಾರಿಯಲ್ಲಿ ಹೆಂಗಸರ ಮೈಮೇಲಿನ ಚಿನ್ನವನ್ನೂ ಕಸಿದುಕೊಳ್ಳಲಾಯಿತು. ಮನ್ನಾರ್, ಮುಲ್ಲೈತೀವು, ಕಿಲಿನೊಚ್ಚಿ, ವವುನಿಯಾಗಳ ಕಥೆಯೂ ಬೇರೆಯಲ್ಲ. ಕೆಲವೇ ದಿನಗಳಲ್ಲಿ ಸುಮಾರು 75,000 ಮಂದಿ ಉತ್ತರವನ್ನು ತೊರೆದರು. ಮನ್ನಾರ್ ದ್ವೀಪದವರು ದೋಣಿಯೇರಿ ಕಲ್ಪಿಟಿಯ ತೀರ ಸೇರಿದರು. ಇವರೆಲ್ಲರ ಮಾತೃಭಾಷೆ ತಮಿಳೇ ಆಗಿತ್ತು. ತಮಿಳರ ಹೆಸರಿನಲ್ಲಿ ಹೋರಾಡುವವರು ತಮಿಳು ಮಾತನಾಡುವವರನ್ನೇ ಹೊರದೂಡಿದ್ದರು.

ಹಿನ್ನೆಲೆಯನ್ನು ಪ್ರಾಮಾಣಿಕವಾಗಿ ಹೇಳಬೇಕು. ಅದೇ ವರ್ಷದ ಆಗಸ್ಟ್ 3ರಂದು ಪೂರ್ವದ ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಝಿನಲ್ಲಿದ್ದ ನೂರಕ್ಕೂ ಹೆಚ್ಚು ಜನರನ್ನು ಕೊಲ್ಲಲಾಗಿತ್ತು. ಆದರೆ ಪೂರ್ವದಲ್ಲೇ ತಮಿಳು ಹಳ್ಳಿಗಳ ಮೇಲೂ ದಾಳಿಗಳು ನಡೆದವು. ಅವುಗಳಲ್ಲಿ ಮುಸ್ಲಿಮ್ ಹೋಮ್‌ಗಾರ್ಡ್‌ಗಳ ಕೈಯೂ ಇತ್ತು. ನಮ್ಮವರ ಗಾಯವನ್ನು ಮಾತ್ರ ಎಣಿಸುವವನು ಚರಿತ್ರೆ ಬರೆಯಲಾರ. ಆದರೆ ಉತ್ತರದ ಮೀನುಗಾರ, ದರ್ಜಿ, ಅಂಗಡಿಯವನಿಗೂ ಪೂರ್ವದ ಆ ರಕ್ತಕ್ಕೂ ಏನು ಸಂಬಂಧ? ಮನ್ನಾರಿನ ತಮಿಳು ನೆರೆಯವರೂ ಕ್ರೈಸ್ತ ಪಾದ್ರಿಗಳೂ ಈ ಆಜ್ಞೆಗೆ ಆಕ್ಷೇಪಿಸಿದ್ದರೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಪುತ್ತಲಂ ಜಿಲ್ಲೆಯ ಮುಸ್ಲಿಮರು ಅಕ್ಷರಶಃ ಅನ್ಸಾರರಾದರು. ಮಸೀದಿ, ಮದ್ರಸ, ಶಾಲೆಗಳ ಬಾಗಿಲು ತೆರೆದರು. ತೆಂಗಿನ ತೋಟಗಳಲ್ಲಿ ಹೆಣೆದ ಗರಿಗಳ ಗುಡಿಸಲುಗಳೆದ್ದವು. ಕೆಲವು ತಿಂಗಳ ಮಾತು ಎಂದು ಇಬ್ಬರೂ ನಂಬಿದ್ದರು. ತಿಂಗಳುಗಳು ಇಪ್ಪತ್ತು ವರ್ಷಗಳಾದವು. ಬಾವಿಯ ನೀರಿಗೆ, ಕೂಲಿಗೆ, ಶಾಲೆಯ ಬೆಂಚಿಗೆ, ವಿಶ್ವವಿದ್ಯಾಲಯದ ಸೀಟಿಗೆ ಸ್ಪರ್ಧೆ ಹುಟ್ಟಿತು. ಕಡಿಮೆ ಕೂಲಿಗೆ ದುಡಿಯಲು ಸಿದ್ಧನಾದ ಹಸಿದವನ ಮೇಲೆ, ತಾನೂ ಬಡವನಾದ ಸ್ಥಳೀಯನಿಗೆ ಸಿಟ್ಟು ಬಂದರೆ ಅದನ್ನು ಈಮಾನಿನ ಕೊರತೆ ಎಂದು ತೀರ್ಪು ಕೊಡಲು ನಮಗೆ ಮನಸ್ಸಾಗದು. ನಿರಾಶ್ರಿತನಿಗೆ ತಮಿಳಿನಲ್ಲಿ 'ಅಗತಿ' ಎನ್ನುತ್ತಾರೆ. ನಮ್ಮ 'ಅಗತಿಕ'ನ ಒಡಹುಟ್ಟು, ಗತಿಯಿಲ್ಲದವನು ಎಂದರ್ಥ. ಪುತ್ತಲಂನಲ್ಲೇ ಹುಟ್ಟಿದ ಮಗುವಿಗೂ ಆ ಹೆಸರು ಅಂಟಿಕೊಂಡಿತು.

ಶಾಂತಿಯ ಅವಕಾಶ ಬರಲೇ ಇಲ್ಲವೆಂದಲ್ಲ. 2002ರ ಫೆಬ್ರವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಿಂದ ಕದನವಿರಾಮವಾಯಿತು. ಏಪ್ರಿಲ್‌ನಲ್ಲಿ ಕಿಲಿನೊಚ್ಚಿಯ ಪತ್ರಿಕಾಗೋಷ್ಠಿಯಲ್ಲಿ ಆಂಟನ್ ಬಾಲಸಿಂಗಂ ಹೊರದೂಡಿದ್ದಕ್ಕಾಗಿ ಕ್ಷಮೆ ಯಾಚಿಸಿದರು. ಪ್ರಭಾಕರನ್ ಮತ್ತು ಶ್ರೀಲಂಕಾ ಮುಸ್ಲಿಮ್ ಕಾಂಗ್ರೆಸ್ಸಿನ ರವೂಫ್ ಹಕೀಮ್ ನಡುವೆ ಒಪ್ಪಂದವೂ ಆಯಿತು. ಆದರೆ ಮಾತುಕತೆಯ ಮೇಜಿನಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಕುರ್ಚಿ ಸಿಗಲಿಲ್ಲ. ಹಕೀಮ್ ಸರಕಾರದ ನಿಯೋಗದ ಸದಸ್ಯರಾಗಿ ಕುಳಿತರು. ಬಂದೂಕು ಹಿಡಿದ ಇಬ್ಬರ ನಡುವೆ ಶಾಂತಿಯ ಮಾತು ನಡೆಯಿತು. ಬಂದೂಕು ಹಿಡಿಯದೆ ಮನೆ ಕಳೆದುಕೊಂಡವನು ಬಾಗಿಲಾಚೆ ನಿಂತ. ಅಂದಿನ ಪ್ರಯತ್ನದ ದೊಡ್ಡ ಲೋಪ ಇದೇ ಎಂಬುದು ನಮ್ಮ ಅಭಿಪ್ರಾಯ.

2009ರ ಮೇನಲ್ಲಿ ಯುದ್ಧ ಮುಗಿದಾಗ ಮತ್ತೊಂದು ವಿಚಿತ್ರ ಎದುರಾಯಿತು. ಕೊನೆಯ ಕಾಳಗದಲ್ಲಿ ನೆಲೆ ಕಳೆದುಕೊಂಡ ಲಕ್ಷಾಂತರ ತಮಿಳರು 'ಹೊಸ' ನಿರಾಶ್ರಿತರಾದರು, ಇವರು 'ಹಳಬರು'. ನೆರವಿನ ಸಾಲಿನಲ್ಲಿ ಹಳಬರು ಹಿಂದೆ. ಹೊಸಬರ ಸಂಕಟ ಅತಿ ಘೋರವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಹಳೆಯದಾದ ಮಾತ್ರಕ್ಕೆ ಹಕ್ಕು ಸವೆಯುವುದೇ? ಹಿಂದಿರುಗಿದವರು ಕಂಡದ್ದು ಕುಸಿದ ಗೋಡೆ, ಕೆಲವೆಡೆ ತಮ್ಮ ಜಾಗದಲ್ಲಿ ಬೇರೆಯವರ ವಾಸ, ಮನ್ನಾರಿನ ದಕ್ಷಿಣದಲ್ಲಿ ಊರಿದ್ದಲ್ಲಿ ಬೆಳೆದ ಕಾಡು. ಮರಿಚ್ಚುಕಟ್ಟಿ, ಕರಡಿಕ್ಕುಳಿಗಳ ಸುತ್ತಲಿನ ಭೂಮಿಯನ್ನು 2012ರಲ್ಲಿ ಮೀಸಲು ಅರಣ್ಯವೆಂದು ಘೋಷಿಸಲಾಯಿತು. ಪೊದೆ ಕಡಿದು ಮನೆ ಕಟ್ಟಲು ಹೊರಟವರ ಮೇಲೆ ವಿಲ್ಪತ್ತುವಿನ ಕಾಡು ನಾಶ ಮಾಡಿದರೆಂಬ ಆರೋಪ ಬಂತು. ಪರಿಸರವಾದಿಗಳ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಕಾಡು ಬೆಳೆದದ್ದು ಜನರನ್ನು ಓಡಿಸಿದ್ದರಿಂದಲೂ ಹೌದಲ್ಲವೇ?

ಈಗ ಎಷ್ಟೋ ಕುಟುಂಬಗಳಿಗೆ ಎರಡು ಮನೆ. ಹಿರಿಯರು ಉತ್ತರದಲ್ಲಿ ಹೊಲ, ಬಲೆ, ಅಂಗಡಿಗಳನ್ನು ಮತ್ತೆ ಕಟ್ಟಿಕೊಳ್ಳುತ್ತಾರೆ. ಮಕ್ಕಳ ಶಾಲೆ ಪುತ್ತಲಂನಲ್ಲಿ. ಬಿಟ್ಟು ಬಂದ ಬೀದಿಯನ್ನು ಹಿರಿಯರು ಮನೆ ಮನೆ ಹೆಸರಿಟ್ಟು ಎಣಿಸಬಲ್ಲರು. ಮಕ್ಕಳು ಆ ಹೆಸರುಗಳನ್ನು ಕೇಳಿ ಕಲಿತಿದ್ದಾರೆ, ಅಲ್ಲಿ ಆಡಿ ಬೆಳೆದಿಲ್ಲ.