ಐದು ಸ್ಟಾರ್ ಇದೆ ಸರಿ, ಕೊನೆಯ ಸೀಟಿಗೂ ಇದೆಯೇ?

ನಮ್ಮ ಕಡೆ ವೋಲ್ವೋ ಅಂದರೆ ಬಸ್ಸು. ಬೆಂಗಳೂರಿಗೆ ಹೋಗುವ ಐರಾವತ. ಆ ಹೆಸರಿನ ಕಾರೂ ಇದೆ ಎಂದು ಎಷ್ಟೋ ಜನರಿಗೆ ಗೊತ್ತಾಗಿದ್ದು 2024ರ ಡಿಸೆಂಬರ್ 21ರಂದು. ಅವತ್ತು ನೆಲಮಂಗಲದ ಹತ್ತಿರ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ವೋಲ್ವೋ ಎಕ್ಸ್‌ಸಿ90 ಕಾರಿನ ಮೇಲೆ ಮಗುಚಿತು. ಒಂದೇ ಕುಟುಂಬದ ಆರು ಜನ, ಮಕ್ಕಳೂ ಸೇರಿ, ತೀರಿಕೊಂಡರು. ಆ ಫೋಟೊ ಎಲ್ಲರ ವಾಟ್ಸಾಪ್‌ಗೂ ಬಂತು. ಅದರ ಬೆನ್ನಿಗೇ ಮಾತೂ ಶುರುವಾಯಿತು: ಕೋಟಿ ರೂಪಾಯಿ ಕಾರು, ಐದು ಸ್ಟಾರ್, ಏನು ಬಂತು ಪ್ರಯೋಜನ?

ಕೇಳಿದ್ದು ತಪ್ಪಲ್ಲ. ಆದರೆ ಆ ಸ್ಟಾರ್ ಯಾವುದಕ್ಕೆ ಕೊಟ್ಟಿದ್ದು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಇವತ್ತು ಎಲ್ಲ ಕಾರಲ್ಲೂ ಇರುವ ಸೀಟ್ ಬೆಲ್ಟ್ ಮಾಡಿದರು. ಭುಜದಿಂದ ಇಳಿದು ಸೊಂಟವನ್ನು ಸುತ್ತುವ, ಮೂರು ಕಡೆ ಹಿಡಿತ ಇರುವ ಬೆಲ್ಟು. ಅದಕ್ಕೂ ಮುಂಚೆ ಅವರು ವಿಮಾನ ಕಂಪನಿಯಲ್ಲಿ ಪೈಲಟ್ ಹೊರಕ್ಕೆ ಹಾರುವ ಸೀಟಿನ ಕೆಲಸ ಮಾಡಿದವರು. ವೋಲ್ವೋ ಆ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟಿತು.

2000ದ ಹೊತ್ತಿಗೆ ಅಮೆರಿಕದಲ್ಲಿ ಬೇರೊಂದು ಕಷ್ಟ. ಎತ್ತರದ ಎಸ್‌ಯುವಿಗಳು ಟೈರ್ ಕಿತ್ತು, ಪಲ್ಟಿ ಹೊಡೆದು ನೂರಾರು ಜನ ಸತ್ತರು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿ, ಫೈರ್‌ಸ್ಟೋನ್ ಟೈರಿನ ಗಲಾಟೆ ದೊಡ್ಡ ಸುದ್ದಿಯಾಯಿತು. ವೋಲ್ವೋದ ಕಾರು ವಿಭಾಗ ಆಗ ಫೋರ್ಡ್ ಕೈಯಲ್ಲೇ ಇತ್ತು. ಬಸ್ಸು, ಲಾರಿಯ ಕಂಪನಿ 1999ರಲ್ಲೇ ಬೇರೆಯಾಗಿತ್ತು.

2002ರಲ್ಲಿ ಮೂರು ಸಾಲಿನ, ಏಳು ಸೀಟಿನ ಎಕ್ಸ್‌ಸಿ90 ಬಂತು. ಗಾಡಿ ವಾಲುತ್ತಿದೆ ಅಂತ ಸೆನ್ಸರ್‌ಗೆ ಗೊತ್ತಾದರೆ ಸಾಕು, ಎಂಜಿನ್ ಜೋರು ತಗ್ಗಿಸಿ ಬ್ರೇಕ್ ಹಾಕುವ ವ್ಯವಸ್ಥೆ ಅದರಲ್ಲಿತ್ತು. ಪಲ್ಟಿಯಾದರೆ ಜಜ್ಜಿಹೋಗದಿರಲೆಂದು ಛಾವಣಿಗೆ ಬೋರಾನ್ ಸ್ಟೀಲ್ ಕೊಟ್ಟಿದ್ದರು. ಕಿಟಕಿ ಬದಿಯ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಇಳಿಯುತ್ತಿತ್ತು. ಮಧ್ಯದ ಸಾಲಿನ ನಡುವಿನ ಸೀಟಲ್ಲಿ ಮಗುವನ್ನು ಎತ್ತರಕ್ಕೆ ಕೂರಿಸುವ ಮೆತ್ತೆ ಇತ್ತು, ಆ ಸೀಟನ್ನು ಅಪ್ಪ ಅಮ್ಮನ ಹತ್ತಿರಕ್ಕೆ ಎಳೆದುಕೊಳ್ಳಬಹುದಿತ್ತು. ನಮಗೆ ತುಂಬ ಹಿಡಿಸಿದ್ದು ಇನ್ನೊಂದು: ಎದುರಿನ ಚಿಕ್ಕ ಕಾರಿನ ಮೇಲೆ ಈ ದೊಡ್ಡ ಗಾಡಿ ಹತ್ತಿಬಿಡಬಾರದು ಎಂದು ಮುಂಭಾಗದಲ್ಲಿ ತಗ್ಗಾಗಿ ಒಂದು ಅಡ್ಡಪಟ್ಟಿ ಇಟ್ಟಿದ್ದರು.

ಯುರೋಪಿನ ಪರೀಕ್ಷೆ, ಅಂದರೆ ಯುರೋ ಎನ್‌ಕ್ಯಾಪ್, 2003ರಲ್ಲಿ ಅದಕ್ಕೆ ಐದು ಸ್ಟಾರ್ ಕೊಟ್ಟಿತು. ಎರಡನೇ ತಲೆಮಾರಿನ ಎಕ್ಸ್‌ಸಿ90 ಕೂಡ 2015ರಲ್ಲಿ ಐದು ಸ್ಟಾರ್ ಪಡೆಯಿತು: ದೊಡ್ಡವರ ರಕ್ಷಣೆಗೆ ಶೇ. 97, ಮಕ್ಕಳ ರಕ್ಷಣೆಗೆ ಶೇ. 87. 2017ರಿಂದ ಈ ಕಾರನ್ನು ನಮ್ಮ ಹೊಸಕೋಟೆಯ ವೋಲ್ವೋ ಕಾರ್ಖಾನೆಯಲ್ಲೇ ಜೋಡಿಸತೊಡಗಿದರು.

ಈಗ ಲಾರಿಯ ವಿಷಯ. ಅಮೆರಿಕದ ವಿಮಾ ಕಂಪನಿಗಳ ಸಂಸ್ಥೆ ಐಐಎಚ್‌ಎಸ್, ಕಾರಿನ ಛಾವಣಿ ತನ್ನದೇ ತೂಕದ ನಾಲ್ಕು ಪಟ್ಟು ಭಾರ ತಡೆದರೆ ‘ಉತ್ತಮ’ ಅನ್ನುತ್ತಿತ್ತು. ಕಾರು ಎರಡು ಟನ್ ಇದ್ದರೆ ಎಂಟು ಟನ್. ಪಲ್ಟಿಯಾದ ಕಾರು ತನ್ನ ಭಾರ ತಾನು ಹೊರಲಿ ಎಂಬುದಷ್ಟೇ ಅದರ ಲೆಕ್ಕವಾಗಿತ್ತು. ತುಂಬಿದ ಕಂಟೇನರ್ ಮೇಲೆ ಬಿದ್ದರೆ ತಡೆಯುತ್ತದೆಯೇ ಎಂದು ಯಾವ ಕಾರನ್ನೂ ಯಾರೂ ಪರೀಕ್ಷಿಸಿ ಸ್ಟಾರ್ ಕೊಟ್ಟಿಲ್ಲ. ನೆಲಮಂಗಲದ ಪ್ರಶ್ನೆಯನ್ನು ರಸ್ತೆಗೆ, ಲಾರಿಗೆ, ಡಿವೈಡರಿಗೆ ಕೇಳಬೇಕು.

ನಮ್ಮೂರಿನವರು ವೋಲ್ವೋ ಕೊಳ್ಳುವುದು ಅಷ್ಟರಲ್ಲೇ ಇದೆ. ಆದರೆ ಮೂರು ಸಾಲಿನ ಗಾಡಿ ಈಗ ಬೇಕಾದಷ್ಟಿವೆ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು. ಡಿಸೆಂಬರಿನಲ್ಲಿ ಹೊರಬಿದ್ದ ಮೊದಲ ಫಲಿತಾಂಶದಲ್ಲೇ ಮೂರು ಸಾಲಿನ ಟಾಟಾ ಸಫಾರಿ ಇತ್ತು. ದೊಡ್ಡವರ ವಿಭಾಗದಲ್ಲಿ 32ಕ್ಕೆ 30.08, ಮಕ್ಕಳದ್ದರಲ್ಲಿ 49ಕ್ಕೆ 44.54, ಐದು ಸ್ಟಾರ್.

ಒಳ್ಳೆಯ ಅಂಕವೇ. ಆದರೆ ಆ ಅಂಕ ಹೇಗೆ ಬಂತು ನೋಡಿ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಒಂದು ಪಕ್ಕವನ್ನು ತಡೆಗೆ ಗುದ್ದಿಸುತ್ತಾರೆ. ಮುಂದಿನ ಸೀಟಲ್ಲಿ ದೊಡ್ಡವರ ಗೊಂಬೆ, ಬೆಲ್ಟ್ ಹಾಕಿ. ಮಧ್ಯದ ಸಾಲಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಗೊಂಬೆ, ಮಕ್ಕಳ ಸೀಟಿಗೆ ಕಟ್ಟಿ. ಮೂರನೇ ಸಾಲಲ್ಲಿ ಯಾರೂ ಇಲ್ಲ. ಖಾಲಿ.

ನಾವು ಮಕ್ಕಳನ್ನು ಕೂರಿಸುವುದೇ ಅಲ್ಲಿ. ಜಾತ್ರೆಗೆ, ಮದುವೆಗೆ ಹೊರಟರೆ ದೊಡ್ಡವರಿಗೆ ಮುಂದೆ, ‘ಹುಡುಗ್ರು ಹಿಂದೆ ಕೂತ್ಕೊಳ್ಳಿ’. ಇಬ್ಬರ ಸೀಟಲ್ಲಿ ನಾಲ್ವರು, ಕಾಲಡಿ ಬುತ್ತಿಗಂಟು. ಹಿಂದಿನಿಂದ ಲಾರಿ ಗುದ್ದಿದರೆ ಆ ಮಕ್ಕಳ ತಲೆಗೂ ಗಾಜಿಗೂ ನಡುವೆ ಎಷ್ಟು ಜಾಗವಿದೆ ಎಂದು ಒಮ್ಮೆ ಗೇಣು ಹಾಕಿ ಅಳೆಯಿರಿ. ಪಕ್ಕಕ್ಕೆ ಮುಖ ಮಾಡಿ ಕೂರುವ ಹಳೇ ಜೀಪಿನ ಬೆಂಚಾದರೆ ಅಳೆಯುವುದೂ ಬೇಡ.

ಶೋರೂಮಿಗೆ ಹೋದಾಗ ಸನ್‌ರೂಫ್ ಆಮೇಲೆ ನೋಡಿದರಾಯಿತು. ಕೊನೆಯ ಸಾಲಿನ ಎರಡೂ ಸೀಟಿಗೆ ಭುಜದ ಬೆಲ್ಟ್ ಇದೆಯೇ, ತಲೆಗೆ ಆನಿಕೆ ಇದೆಯೇ, ಬದಿ ಏರ್‌ಬ್ಯಾಗ್ ಅಲ್ಲಿವರೆಗೆ ಬರುತ್ತದೆಯೇ, ಮಕ್ಕಳ ಸೀಟು ಕಟ್ಟುವ ಕೊಂಡಿ ಎಲ್ಲಿದೆ, ಇಷ್ಟನ್ನು ಮೊದಲು ಕೇಳಿ. ಬೆಲ್ಟ್ ಎಷ್ಟಿದೆಯೋ ಅಷ್ಟೇ ಜನ ಹತ್ತಬೇಕು. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ ಗಾಡಿ ಓಡಿಸುವವರಿಗೇ.