ಕಂಬದ ಬುಡದ ಕಥೆ

ನಾರ್ವೆಯ ಉರ್ನೆಸ್ ಚರ್ಚಿನ ಮರದ ಕೆತ್ತನೆ ಹೆಸರುವಾಸಿ. ನನಗೆ ಮಾತ್ರ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದರ ನೆಲದಡಿಯಲ್ಲಿ ಉತ್ಖನನಕಾರರಿಗೆ ಸಿಕ್ಕ ಗುಳಿಗಳು. 12ನೇ ಶತಮಾನದಲ್ಲಿ ಈಗಿನ ಚರ್ಚು ಎದ್ದು ನಿಲ್ಲುವ ಮೊದಲೇ ಅದೇ ಜಾಗದಲ್ಲಿ ಕಂಬಗಳನ್ನು ಮಣ್ಣಿನಲ್ಲಿ ಹೂತು ಕಟ್ಟಿದ ಚರ್ಚು ಇತ್ತು ಎಂಬುದಕ್ಕೆ ಅವು ಸಾಕ್ಷಿ.

ಹಾಗೆ ಹೂತ ಕಂಬ ಹೆಚ್ಚು ಕಾಲ ಬಾಳದು. ಪೈನ್ ಮೆದು ಜಾತಿಯ ಮರ. ತೇವಾಂಶ ಅದರ ಒಣತೂಕದ ಶೇ. 20ಕ್ಕಿಂತ ಕಡಿಮೆಯಿದ್ದರೆ ಮರ ತಿನ್ನುವ ಶಿಲೀಂಧ್ರ ಬೆಳೆಯಲಾರದು. ಶೇ. 30ರ ಆಸುಪಾಸಿಗೆ ಏರಿತೆಂದರೆ ನಾರುಗಳೆಲ್ಲ ನೀರು ಕುಡಿದು ತುಂಬಿರುತ್ತವೆ. ಕೊಳೆಯಲು ಅಷ್ಟು ಸಾಕು. ಪೂರ್ತಿ ನೀರಿನಲ್ಲಿ ಮುಳುಗಿದ ಮರಕ್ಕೆ ಈ ಭಯ ಕಡಿಮೆ, ಶಿಲೀಂಧ್ರಕ್ಕೂ ಉಸಿರಾಡಲು ಗಾಳಿ ಬೇಕಲ್ಲ! ಹಾಗಾಗಿ ನೀರೂ ಗಾಳಿಯೂ ಕೂಡುವ ನೆಲಮಟ್ಟದಲ್ಲೇ ಕಂಬ ಮೊದಲು ಸೋಲುತ್ತದೆ.

ಬಡಗಿಗಳಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಕೊಳೆತ ಬುಡ ಗೊತ್ತಿತ್ತು. ಅವರು ಕಲ್ಲಿನ ತಳಪಾಯ ಹಾಕಿ, ಅದರ ಮೇಲೆ ಅಡ್ಡತೊಲೆಗಳನ್ನು ಕೂರಿಸಿ, ಕಂಬಗಳನ್ನು ಮಣ್ಣಿನಿಂದ ಮೇಲೆತ್ತಿದರು. ರಾಳ ತುಂಬಿದ ಚೇಗನ್ನು ಆರಿಸಿಕೊಂಡರು. ಪೈನಿನ ಬುಡ, ಬೇರುಗಳನ್ನು ಗಾಳಿಯಾಡದಂತೆ ಸುಟ್ಟು ಇಳಿಸಿದ ಟಾರನ್ನು ಹೊರಮೈಗೆ ಬಳಿದರು. ಕಡಿದಾದ ಸೂರು ಮಳೆ, ಹಿಮವನ್ನು ನಿಲ್ಲಗೊಡದೆ ಜಾರಿಸಿತು. 1180ರ ಸುಮಾರಿಗೆ ಕಟ್ಟಿದ ಬೊರ್ಗುಂಡ್ ಚರ್ಚು ಇಂದಿಗೂ ನಿಂತಿರುವುದು ಹೀಗೆ. ಉರ್ನೆಸ್‌ನಲ್ಲಂತೂ ಹಳೆಯ ಚರ್ಚಿನ ಕೆತ್ತಿದ ಹಲಗೆಗಳನ್ನೇ ಹೊಸ ಗೋಡೆಗೆ ಸೇರಿಸಿದರು.

ಇಷ್ಟು ಜತನದಿಂದ ಕಾಯ್ದದ್ದನ್ನು ಕೆಡವಿದವರು ಮನುಷ್ಯರೇ. ಪ್ರತಿ ಚರ್ಚಿನಲ್ಲೂ ಊರಿನ ಹತ್ತರಲ್ಲಿ ಮೂರು ಪಾಲು ಜನರಿಗೆ ಜಾಗವಿರಬೇಕೆಂದು 1851ರ ಕಾನೂನು ಹೇಳಿತು. ಚಿಕ್ಕ ಚರ್ಚುಗಳು ಸಾಲುಸಾಲಾಗಿ ಉರುಳಿದವು. ಚಿತ್ರಕಾರ ಯೋಹಾನ್ ಕ್ರಿಸ್ತಿಯಾನ್ ದಾಲ್ ಅಷ್ಟರಲ್ಲಾಗಲೇ ಇವುಗಳ ಬೆಲೆಯನ್ನು ಜನರಿಗೆ ತಿಳಿಹೇಳುತ್ತಿದ್ದ. 1844ರಲ್ಲಿ ಅವನು ಮತ್ತು ಗೆಳೆಯರು ಕಟ್ಟಿದ ಸಂರಕ್ಷಣಾ ಸಂಘವೇ 1877ರಲ್ಲಿ ಬೊರ್ಗುಂಡನ್ನು ಕೊಂಡು ಉಳಿಸಿತು. ನಾರ್ವೆಯಲ್ಲಿ ಈಗ ಉಳಿದಿರುವುದು 28.

ರಾಜರ, ಪಾದ್ರಿಗಳ ಹೆಸರು ಚರಿತ್ರೆಯಲ್ಲಿ ಸಿಗುತ್ತದೆ. ಕಂಬದ ಕೆಳಗೆ ಮೊದಲು ಕಲ್ಲಿಟ್ಟವನ ಹೆಸರು ಸಿಗುವುದಿಲ್ಲ. ಆದರೂ ನಾನು ಹಳೆಯ ಮರದ ಕಟ್ಟಡವೊಂದರ ಚಿತ್ರ ಕಂಡಾಗಲೆಲ್ಲ ಮೊದಲು ನೋಡುವುದು ಅವನು ಕೆಲಸ ಮಾಡಿದ ಜಾಗವನ್ನೇ, ಕಂಬದ ಬುಡವನ್ನು.